ಕರುಳೊಳಗೆ ನುಸುಳಿದ ಕರುಳನ್ನು ಗಾಳಿಯಿಂದ ಬಿಡಿಸುವುದು

ಮಗು ಕಾಲು ಮಡಚಿಕೊಂಡು ಚೀರಿ ಅಳುತ್ತದೆ, ಸುಮ್ಮನಾಗಿ ಸೊರಗುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಚೀರುತ್ತದೆ. ಮೂರು ತಿಂಗಳಿಂದ ಮೂರು ವರ್ಷದೊಳಗಿನ ಮಗುವಾದರೆ ಇಂಟಸ್ಸಸೆಪ್ಶನ್ ನೆನಪಾಗಲೇಬೇಕು. ಸಣ್ಣ ಕರುಳಿನ ತುದಿ ದೊಡ್ಡ ಕರುಳಿನೊಳಗೆ ನುಸುಳಿ ಸಿಕ್ಕಿಕೊಂಡಿರುತ್ತದೆ. ಮಲದಲ್ಲಿ ರಕ್ತ, ಲೋಳೆ ಕಾಣುವವರೆಗೆ ದಯವಿಟ್ಟು ಕಾಯಬೇಡಿ. ಅದು ತಡವಾಗಿ ಬರುವ ಲಕ್ಷಣ. ಹೀಗೆ ಸಿಕ್ಕಿಕೊಂಡ ಕರುಳಿನ ಗಂಟು ಅಲ್ಟ್ರಾಸೌಂಡ್‌ನಲ್ಲೇ ಕಾಣುತ್ತದೆ.

ಗುದದ್ವಾರದಿಂದ ಗಾಳಿ ಪಂಪ್ ಮಾಡಿ, ಅದರ ಒತ್ತಡದಿಂದ ಗಂಟನ್ನು ಹಿಂದಕ್ಕೆ ತಳ್ಳಿ ಬಿಡಿಸುವುದೇ ಚಿಕಿತ್ಸೆ. ಗಾಳಿ ಹಾಕುವ ಮೊದಲು ಡ್ರಿಪ್ ಕೊಟ್ಟು ಮಗುವಿನ ನೀರಿನ ಕೊರತೆ ತುಂಬಬೇಕು, ಸರ್ಜನ್‌ಗೆ ತಿಳಿಸಿರಬೇಕು. ಹೊಟ್ಟೆ ಕಲ್ಲಿನಂತಾಗಿದ್ದರೆ, ಕರುಳು ತೂತಾಗಿದ್ದರೆ, ಮಗು ಶಾಕ್‌ನಿಂದ (ರಕ್ತಸಂಚಾರ ಕುಸಿದ ಸ್ಥಿತಿಯಿಂದ) ಚೇತರಿಸಿಕೊಳ್ಳದಿದ್ದರೆ ಗಾಳಿ ಬೇಡ, ನೇರ ಶಸ್ತ್ರಚಿಕಿತ್ಸೆ.

ಗುದದ್ವಾರದಲ್ಲಿ ಕ್ಯಾಥೆಟರ್ (ಮೆದುವಾದ ಕೊಳವೆ) ಇಟ್ಟು, ಟೇಪು ಹಾಕಿ, ಸಹಾಯಕರೊಬ್ಬರು ಪೃಷ್ಠಗಳನ್ನು ಬಿಗಿಯಾಗಿ ಒತ್ತಿ ಹಿಡಿಯುತ್ತಾರೆ. ಗಾಳಿ ಇಲ್ಲೇ ಸೋರಿದರೆ ಎಷ್ಟು ಪಂಪ್ ಮಾಡಿದರೂ ಒತ್ತಡ ನಿಲ್ಲುವುದಿಲ್ಲ. ವಿಫಲವಾಯಿತೆಂದು ಕೈಬಿಡುವ ಮುನ್ನ ಮೊದಲು ನೋಡಬೇಕಾದದ್ದು ಇದನ್ನೇ. ಕ್ಯಾಥೆಟರ್‌ನ ಬಲೂನು ಉಬ್ಬಿಸಿದರೆ ಸೋರಿಕೆ ನಿಲ್ಲಬಹುದು, ಆದರೆ ಗುದನಾಳ ಹರಿಯುವ ಅಪಾಯವಿದೆ. ಹಿಡಿಯುವ ಕೈಯೇ ವಾಸಿ.

ಒತ್ತಡ 80 ಮಿಮೀ ಪಾದರಸದಿಂದ ಶುರು, ಗರಿಷ್ಠ 120. ಮಗು ಅತ್ತಾಗ ಮಾಪಕ ಇನ್ನೂ ಮೇಲೇರುತ್ತದೆ. ಆಗ ಹೊಟ್ಟೆಯೊಳಗಿನ ಒತ್ತಡವೂ ಏರಿ ಕರುಳನ್ನು ಹೊರಗಿನಿಂದ ಅಷ್ಟೇ ಒತ್ತುವುದರಿಂದ ಕರುಳಿನ ಗೋಡೆಯ ಎಳೆತ ಹೆಚ್ಚುವುದಿಲ್ಲ. ಅಳು ನಿಂತಾಗಿನ ಅಂಕಿಯೇ ಲೆಕ್ಕ. ಸಾಮಾನ್ಯವಾಗಿ ಮೂರು ನಿಮಿಷದಂತೆ ಮೂರು ಪ್ರಯತ್ನ. ಗಂಟು ಹಿಂದೆ ಸರಿದು ಅರ್ಧದಲ್ಲಿ ನಿಂತರೆ, ಮಗು ಸ್ಥಿರವಾಗಿದ್ದರೆ, ಅರ್ಧ ಗಂಟೆಯೋ ಇನ್ನೂ ಹೆಚ್ಚೋ ಬಿಟ್ಟು ಮತ್ತೆ ಯತ್ನಿಸಬಹುದು. ಆ ವೇಳೆಗೆ ಊತ ಇಳಿದು ದಾರಿ ಸಡಿಲವಾಗಿರುತ್ತದೆ.

ಎಕ್ಸ್‌ರೇ ಪರದೆಯಲ್ಲಿ ಗಂಟು ಮರೆಯಾದರಷ್ಟೇ ಸಾಲದು, ಗಾಳಿ ಸಣ್ಣ ಕರುಳಿಗೆ ಧಾರಾಳವಾಗಿ ನುಗ್ಗಬೇಕು. ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವಲ್ಲಿರುವ ಇಲಿಯೋಸೀಕಲ್ ಕವಾಟ ಊದಿಕೊಂಡಿದ್ದರೆ ಉಳಿದ ಗಂಟಿನಂತೆ ಕಾಣಬಹುದು. ಅನುಮಾನವಿದ್ದರೆ ಅಲ್ಟ್ರಾಸೌಂಡ್ ಮಾಡಿ.

ಅಪರೂಪಕ್ಕೆ ಕರುಳು ತೂತಾಗುತ್ತದೆ. ಗಾಳಿ ಹೊಟ್ಟೆಯೊಳಗೆ ತುಂಬಿ ಎದೆ-ಹೊಟ್ಟೆಗಳ ನಡುವಿನ ಉಸಿರಾಟದ ಸ್ನಾಯುವಾದ ಡಯಾಫ್ರಮ್ಮನ್ನು ಮೇಲಕ್ಕೊತ್ತಿ ಉಸಿರು ಕಟ್ಟಿಸುತ್ತದೆ, ಹೃದಯಕ್ಕೆ ಮರಳುವ ರಕ್ತವನ್ನೂ ತಡೆಯುತ್ತದೆ. ತಕ್ಷಣ ಪಂಪ್ ನಿಲ್ಲಿಸಿ, ಹೊಕ್ಕುಳ ಬಳಿ ನಡುಗೆರೆಯಲ್ಲಿ 18 ಗೇಜ್ ಸೂಜಿ ಚುಚ್ಚಿ ಗಾಳಿ ಬಿಡಬೇಕು. ಆ ಸೂಜಿ ಕೈಗೆಟಕುವಲ್ಲಿ ಇರದೆ ಪಂಪ್ ಒತ್ತಲೇಬಾರದು.

ಹತ್ತರಲ್ಲಿ ಸುಮಾರು ಒಂದು ಮಗುವಿಗೆ ಇದು ಮರುಕಳಿಸುತ್ತದೆ, ಹಲವರಿಗೆ ಮೊದಲ ಎರಡು ದಿನಗಳಲ್ಲೇ. ಆಗಲೂ, ಮಗು ಸ್ಥಿರವಾಗಿದ್ದರೆ, ಮೊದಲ ಆಯ್ಕೆ ಗಾಳಿಯೇ.