ವಿಲ್ಲಿ ನೆಲ್ಸನ್ ಗಿಟಾರಿನ ಎರಡನೇ ತೂತು

ಅಮೆರಿಕದ ಕಂಟ್ರಿ ಗಾಯಕ ವಿಲ್ಲಿ ನೆಲ್ಸನ್ ಗಿಟಾರಿನಲ್ಲಿರೋ ಆ ತೂತು ಸ್ಟೈಲಿಗೆ ಮಾಡಿಸಿದ್ದಲ್ಲ. ಮಾರ್ಟಿನ್ ಎನ್-20, ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್. ಬೆರಳಲ್ಲಿ ಮೀಟೋಕೆ ಅಂತ ಮಾಡಿದ್ದು, ಅದಕ್ಕೇ ಮರ ಸವೆಯದಂತೆ ಕಾಯೋ ಪಿಕ್‌ಗಾರ್ಡ್ ಇಲ್ಲ. ಈ ಪುಣ್ಯಾತ್ಮರು 1969ರಿಂದ ಪಿಕ್ (ತಂತಿ ಮೀಟೋ ಪುಟ್ಟ ಬಿಲ್ಲೆ) ಹಿಡಿದೇ ಬಾರಿಸಿದ್ದು! ಉಜ್ಜಿ ಉಜ್ಜಿ ಸ್ಪ್ರೂಸ್ ಮರದ ಮೇಲ್ಹಲಗೆ ಸವೆದು, ನಾದ ಹೊರಬರೋ ಸೌಂಡ್‌ಹೋಲ್ ಪಕ್ಕದಲ್ಲೇ ಇನ್ನೊಂದು ಕಿಂಡಿ. ತಂತಿಯ ದನಿಯನ್ನ ಸ್ಪೀಕರಿಗೆ ಕಳಿಸೋ ಪಿಕಪ್ ಕೂಡ ಇದರದ್ದಲ್ಲ, ಮುರಿದುಹೋದ ಹಳೇ ಬಾಲ್ಡ್ವಿನ್ ಗಿಟಾರಿಂದ ಕಿತ್ತು ಕೂರಿಸಿದ್ದು. ಟೆನೆಸ್ಸಿಯ ಮನೆಗೆ ಬೆಂಕಿ ಬಿದ್ದಾಗ ಒಳಗೆ ನುಗ್ಗಿ ಇದನ್ನ ಹೊರಗೆ ತಂದರು. 1990ರಲ್ಲಿ ತೆರಿಗೆಯವರು ಆಸ್ತಿ ಜಪ್ತಿ ಮಾಡಿದಾಗಲೂ ಇದೊಂದನ್ನ ಬಚ್ಚಿಟ್ಟರು.

ಹೊಸದು ಕೊಳ್ಳಬಹುದಿತ್ತು, ನಿಜ. ಆದರೆ ತಾಳಕ್ಕಿಂತ ಒಂದು ಹೆಜ್ಜೆ ಹಿಂದೆ ಬರೋ ನೆಲ್ಸನ್ನರ ಆ ಮೂಗಿನ ದನಿಗೆ ಈ ಒಣ ನಾದ ಎಷ್ಟು ಒಗ್ಗಿಹೋಗಿದೆ ಅಂದ್ರೆ, ರಿಪೇರಿಯವರು ಒಳಗಿನ ಪಟ್ಟಿ ಗಟ್ಟಿ ಮಾಡ್ತಾರೆ, ಲ್ಯಾಕರ್ ಬಳೀತಾರೆ, ತೂತು ಮಾತ್ರ ಮುಚ್ಚಲ್ಲ.