ಮೇಷ್ಟ್ರು ಇಲ್ಲದ ಒಂದು ಕಾಲ

ತತ್ತ್ವಶಾಸ್ತ್ರದ ಮೇಷ್ಟ್ರು ತೀರಿಕೊಂಡ ಸುದ್ದಿ ನಮ್ಮ ಬ್ಯಾಚಿನ ವಾಟ್ಸ್‌ಆ್ಯಪ್ ಗುಂಪಿಗೆ ಬಂದ ರಾತ್ರಿ ಎಲ್ಲರೂ ನೆನೆದದ್ದು ಒಂದೇ ಪಾಠವನ್ನು. ಬಿ.ಎ.ಯಲ್ಲಿ ಓದಿದ ಉಳಿದದ್ದೆಲ್ಲ ಎಲ್ಲಿ ಹೋಯಿತೋ! ದೇವರ ಮಗನಾದ ಯೇಸು ತಂದೆಗೆ ಸಮನೋ ಅಲ್ಲವೋ ಎಂದು ಕಾದಾಡಿದ ಹಳೆಯ ಕ್ರೈಸ್ತ ಗುರುಗಳು ಏರಿಯಸ್, ಅಥನಾಸಿಯಸ್ ಮಾತ್ರ ಇನ್ನೂ ನಮ್ಮೊಳಗೆ ಜಗಳವಾಡುತ್ತಲೇ ಇದ್ದಾರೆ.

ಮೇಷ್ಟ್ರು ಆ ಪಾಠ ಶುರುಮಾಡಿದ್ದು ರೊಟ್ಟಿ ಅಂಗಡಿಯಿಂದ. ನಾಲ್ಕನೆಯ ಶತಮಾನದ ಕಾನ್‌ಸ್ಟಾಂಟಿನೋಪಲ್ ನಗರ. ಚಿಲ್ಲರೆ ಕೇಳಿದರೆ ಹುಟ್ಟಿದವನು ಯಾರು, ಹುಟ್ಟದವನು ಯಾರು ಎಂಬ ಉಪನ್ಯಾಸ. ರೊಟ್ಟಿಗೆಷ್ಟು ಎಂದರೆ 'ತಂದೆ ದೊಡ್ಡವನು, ಮಗ ಅವನಿಗಿಂತ ಕೆಳಗೆ'. ಸ್ನಾನಕ್ಕೆ ಅಣಿಯಾಗಿದೆಯೇ ಎಂದರೆ 'ಮಗ ಶೂನ್ಯದಿಂದ ಬಂದವನು'. ನಿಸ್ಸಾದ ಬಿಷಪ್ ಗ್ರೆಗೊರಿ ಬೇಸತ್ತು ಹೇಳಿದ ಈ ಪ್ರಸಂಗವನ್ನು ಮೇಷ್ಟ್ರು ಅಭಿನಯಿಸಿಯೇ ತೋರಿಸಿದರು. ಎಡಗೈಯಲ್ಲಿ ಪಂಚೆಯ ಅಂಚು, ಬಲಗೈಯಲ್ಲಿ ರೊಟ್ಟಿಯಾದ ಡಸ್ಟರ್, ಅಂಗಿಯ ತುಂಬ ಸೀಮೆಸುಣ್ಣ.

ಏರಿಯಸ್ ಅಲೆಕ್ಸಾಂಡ್ರಿಯದ ಪಾದ್ರಿ. ದೇವರು ಒಬ್ಬನೇ, ಹುಟ್ಟಿಲ್ಲದವನು, ಪಾಲಾಗದವನು. ಹಾಗಿದ್ದ ಮೇಲೆ ಹುಟ್ಟಿದ ಮಗ ಅವನಿಗೆ ಸಮನಾಗುವುದು ಹೇಗೆ? ಮಗನಿಲ್ಲದಿದ್ದ ಹೊತ್ತೊಂದು ಇದ್ದೇ ಇತ್ತು ಎಂಬುದು ಅವನ ವಾದ. 325ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನನ ಎದುರೇ ನೈಸೀಯದಲ್ಲಿ ಸೇರಿದ ಬಿಷಪ್ಪರ ಸಭೆ ಅದನ್ನು ತಳ್ಳಿಹಾಕಿತು. ಆದರೂ ಏರಿಯಸ್‌ನನ್ನು ನಾವು ಹಗುರವಾಗಿ ಕಾಣಲು ಮೇಷ್ಟ್ರು ಬಿಡಲಿಲ್ಲ. ಪ್ಲೇಟೊನನ್ನು ಓದಿದವರಿಗೆಲ್ಲ ಈ ಸಂಕಟ ಇದ್ದದ್ದೇ ಎನ್ನುತ್ತಿದ್ದರು. ಗೆದ್ದ ಪಕ್ಷದ ಅಥನಾಸಿಯಸ್ಸೇ ಮುಂದೆ ಐದು ಸಲ ಗಡೀಪಾರಾದ.

ಮರುದಿನ ಮೇಷ್ಟ್ರು ಬರುವ ಮೊದಲೇ ನಾನು ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದೆ: 'ಮೇಷ್ಟ್ರು ಇಲ್ಲದ ಒಂದು ಕಾಲವಿತ್ತು.' ತರಗತಿ ಉಸಿರು ಬಿಗಿಹಿಡಿಯಿತು. ಅವರು ಓದಿದರು. ಬರೆದವರು ಯಾರೆಂದು ಕೇಳದೆ ಚಾಕ್ ಎತ್ತಿಕೊಂಡು ಅದರ ಕೆಳಗೇ ಬರೆದರು: 'ಆಗ ನೀವು ಯಾರ ಶಿಷ್ಯರು?'

ಅವತ್ತು ಹಾಜರಿ ಕರೆಯಲಿಲ್ಲ. ದೇವರು ಎಂದೆಂದಿಗೂ ತಂದೆಯಾದರೆ ಮಗನೂ ಎಂದೆಂದಿಗೂ ಇರಲೇಬೇಕು ಎಂದು ಏರಿಯಸ್‌ಗಿಂತ ಮೊದಲೇ ಒರಿಜೆನ್ ಎಂಬ ಕ್ರೈಸ್ತ ಚಿಂತಕ ವಾದಿಸಿದ್ದನ್ನು ಹೇಳಿದರು. ಆಮೇಲೆ ಇನ್ನೊಬ್ಬ ಗ್ರೆಗೊರಿ, ನಜಿಯಾನ್ಸಸ್‌ನವನು. 380ರ ಸುಮಾರಿಗೆ ಕಾನ್‌ಸ್ಟಾಂಟಿನೋಪಲಿನಲ್ಲಿ ಅವನು ಹೇಳಿದ್ದಿಷ್ಟು: 'ತಂದೆ' ಎಂಬುದು ದೇವರ ಸಾರದ ಹೆಸರೂ ಅಲ್ಲ, ಕ್ರಿಯೆಯ ಹೆಸರೂ ಅಲ್ಲ, ಸಂಬಂಧದ ಹೆಸರು. ಆ ಸಾರ ಏನೆಂಬುದು ಮನುಷ್ಯನ ಬುದ್ಧಿಗೆ ನಿಲುಕದು ಎಂದೂ ಅವನೇ ಹೇಳಿದ್ದ. ದೇವರ ಇರವನ್ನು ಒಂಟಿ ವಸ್ತುವಿನಂತೆ ಊಹಿಸಿಕೊಳ್ಳುವ ನನ್ನ ಅಭ್ಯಾಸ ಆ ಗಂಟೆಯಲ್ಲೇ ಬಿಟ್ಟುಹೋಯಿತು.

ಅಂಥ ಪಾಠಕ್ಕೆ ನನ್ನ ತುಂಟತನ ಕಾರಣವಾಯಿತೆಂಬ ಹೆಮ್ಮೆ ಇಂದಿಗೂ ಇದೆ. ಆ ವರ್ಷ ಇದೇ ವಿಷಯದ ಮೇಲೆ ನಾನು ಬರೆದ ಪ್ರಬಂಧಕ್ಕೆ ಮೊದಲ ಬಹುಮಾನ ಬಂತು. ಮುಂದಿನ ಬ್ಯಾಚಿನವರಿಗೂ ಮೇಷ್ಟ್ರು ಅದನ್ನು ಓದಿ ಹೇಳುತ್ತಿದ್ದರಂತೆ.

ಈಗ ನನ್ನ ಮಗಳು ಕಾಲೇಜಿಗೆ ಹೋಗುತ್ತಾಳೆ. ನೈಸೀಯ ಸಭೆ ನಡೆದ ವರ್ಷ ಯಾವುದು, ನಾಲ್ಕರಲ್ಲಿ ಒಂದನ್ನು ಆರಿಸಿ ಎಂಬ ಪ್ರಶ್ನೆಗೆ ಕಣ್ಣು ಮಿಟುಕಿಸುವಷ್ಟರಲ್ಲಿ 325ಕ್ಕೆ ಗುರುತು ಹಾಕಿದಳು. ಅವರು ಜಗಳವಾಡಿದ್ದೇಕೆ ಎಂದರೆ, "ಅದು ಪರೀಕ್ಷೆಗಿಲ್ಲಪ್ಪ" ಎಂದಳು. ತಪ್ಪು ಅವಳದಲ್ಲ. ಜಾಣೆ ಹುಡುಗಿ, ಜಗಳಕ್ಕೆ ಎಳೆಯುವ ಮೇಷ್ಟ್ರು ಅವಳಿಗೆ ಸಿಕ್ಕಿಲ್ಲ, ಸಿಕ್ಕರೂ ಅವರಿಗೆ ಸಿಲಬಸ್ ಮುಗಿಸುವ ಧಾವಂತ.

ಮೇಷ್ಟ್ರು ಪುಸ್ತಕ ಬರೆಯಲಿಲ್ಲ. ನನ್ನ ನೋಟ್ಸ್ ಜೋಪಾನವಾಗಿದೆ, ಅದನ್ನು ಕಾಲೇಜಿನ ಗ್ರಂಥಾಲಯಕ್ಕೆ ಕೊಡುತ್ತಿದ್ದೇನೆ. ಅವರ ತರಗತಿಯಲ್ಲಿ ಕೂತವರು ಯಾರೇ ಇರಲಿ, ಬರೆದುಕೊಂಡದ್ದು ಒಂದೇ ಹಾಳೆಯಾದರೂ ದಯವಿಟ್ಟು ತಂದುಕೊಡಿ. ಒಟ್ಟುಮಾಡಿ ಅಚ್ಚುಮಾಡಿಸುವ ಖರ್ಚು ನನ್ನದು.