ನಂದಿಯಿಂದ ಮೇಲೆ

ಅಪಘಾತಕ್ಕೆ ಮುಂಚೆ ಆಷಾಢ ಶುಕ್ರವಾರಗಳಂದು ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಗಡಿಯಾರ ನೋಡಿಕೊಂಡು ಹತ್ತುತ್ತಿದ್ದೆ. ಮೆಟ್ಟಿಲು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತ ಬಗ್ಗಿಕೊಂಡೇ ಹೋಗುವ ಹೆಂಗಸರು ದಾರಿಗೆ ಅಡ್ಡ ಅನಿಸುತ್ತಿದ್ದರು.

ಬಲಗಾಲು ಮಂಡಿಯ ಕೆಳಗೆ ಹೋಯಿತು. ನಾನು ಐಸಿಯುನಲ್ಲಿದ್ದಾಗ ಅಮ್ಮ ಹರಕೆ ಹೊತ್ತಿದ್ದಳಂತೆ, ಮಗ ಉಳಿದರೆ ಮೆಟ್ಟಿಲು ಪೂಜೆ ಅಂತ. ಹರಕೆ ತೀರಿಸೋ ಹೊತ್ತಿಗೆ ಅವಳ ಮಂಡಿಯೇ ಕೈಕೊಟ್ಟಿತು. "ನಾನು ಹಚ್ತೀನಿ ಬಿಡಮ್ಮ" ಅಂದೆ.

ಶುಕ್ರವಾರದ ನೂಕುನುಗ್ಗಲು ಬೇಡವೆಂದು ಮಂಗಳವಾರ ಹೋದೆವು. ಅದೂ ಅಮ್ಮನವರ ವಾರವೇ. ಅಮ್ಮ ಬಸ್ಸಿನಲ್ಲಿ ಮೇಲೆ ಹೋದಳು. ನಾನು ಆಟೋದಲ್ಲಿ ನಂದಿಯ ಹತ್ತಿರ ಇಳಿದೆ. ಸುಮಾರು 700 ಮೆಟ್ಟಿಲು ಮಾಫಿ, ಉಳಿದದ್ದು 300. ದೇವಿಯ ಹತ್ತಿರವೂ ಚೌಕಾಸಿ, ಒಪ್ಪುತ್ತೇನೆ. ದೊಡ್ಡ ದೇವರಾಜ ಒಡೆಯರು ಮಾಡಿಸಿದ ಈ ಏಕಶಿಲಾ ನಂದಿ 350 ವರ್ಷದಿಂದ ಕಾಲು ಮಡಚಿ ಕೂತೇ ಇದೆ, ಯಾರೂ ಅದನ್ನು ಅಯ್ಯೋ ಪಾಪ ಅಂದಿಲ್ಲ.

ಚಪ್ಪಲಿ ಬಿಡುವಾಗ ಒಂದು ಗಳಿಗೆ ಅನುಮಾನವಾಯಿತು: ಈ ಕಾಲೂ ಬಿಡಬೇಕೇ? ನನ್ನದು ಜೈಪುರ ಕಾಲು ಅನ್ನುವ ಕೃತಕ ಕಾಲು. ಕುಶಲಕರ್ಮಿ ರಾಮಚಂದ್ರ ಶರ್ಮ ಮತ್ತು ಡಾ. ಪಿ.ಕೆ. ಸೇಥಿ 1960ರ ದಶಕದಲ್ಲಿ ರೂಪಿಸಿದ್ದು, ಬರಿಗಾಲಲ್ಲಿ ನಡೆದು ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂರುವ ನಮ್ಮಂಥವರಿಗೆ. ರಬ್ಬರಿನಲ್ಲಿ ಬೆರಳೂ ಇವೆ. ಚಪ್ಪಲಿಗೆ ಬೆರಳಿರುವುದಿಲ್ಲವಲ್ಲ, ಹಾಕಿಕೊಂಡೇ ಹೊರಟೆ.

ಎಂಬತ್ತು ಮೆಟ್ಟಿಲಿಗೆ ಮೋಟುಗಾಲು ಬೆವೆತು ಉರಿಯತೊಡಗಿತು. ಕಾಲು ಬಿಚ್ಚಿ ಚೀಲಕ್ಕೆ ಹಾಕಿಕೊಂಡೆ. ಕೂತು, ಕೈಯೂರಿ, ಹಿಂದುಹಿಂದಕ್ಕೆ ಏರತೊಡಗಿದೆ. ಬೆನ್ನು ದೇವಿಗೆ, ಮುಖ ಮೈಸೂರಿಗೆ. ಬಿಟ್ಟ ಮೆಟ್ಟಿಲಿಗೆ ಅರಿಶಿನ, ಅದರ ಮೇಲೆ ಕುಂಕುಮ. ಇಷ್ಟು ವರ್ಷ ತುಳಿದ ಕಲ್ಲನ್ನು ಅಂಗೈಯಲ್ಲಿ ಮುಟ್ಟಿದ್ದು ಅವತ್ತೇ ಮೊದಲು. ಕಲ್ಲಿನ ಸಂದಿಯಲ್ಲಿ ಯಾರೋ ಹಚ್ಚಿದ ಹಳೆಯ ಬಣ್ಣ ಮಳೆಗೆ ತೊಳೆದುಹೋಗದೆ ಉಳಿದಿತ್ತು. ಯಾರ ಮಗನಿಗೆ ಏನಾಗಿತ್ತೋ. ಅವರನ್ನೆಲ್ಲ ಪಕ್ಕಕ್ಕೆ ಸರಿಸಿ ಓಡಿದ್ದೆನಲ್ಲ.

ಒಬ್ಬರು ನನ್ನ ಕುಂಕುಮದ ತಟ್ಟೆಗೆ ಹತ್ತು ರೂಪಾಯಿ ಹಾಕಿ, ತಿರುಗಿಯೂ ನೋಡದೆ ಹೋದರು. ಸಿಟ್ಟು ಬಂತು. ನಾಲ್ಕು ಮೆಟ್ಟಿಲು ಏರುವಷ್ಟರಲ್ಲಿ, ನಾನೂ ಹೀಗೆಯೇ ಮುಖ ನೋಡದೆ ಕಾಸು ಹಾಕಿದ್ದು ನೆನಪಾಯಿತು. ಆ ಹತ್ತು ರೂಪಾಯಿಯನ್ನು ಮೇಲೆ ಹುಂಡಿಗೆ ಹಾಕಿದೆ.

ಅಮ್ಮ ಕಾದಿದ್ದಳು. ನಾನು ಚೀಲದಿಂದ ಕಾಲು ತೆಗೆದು ಕಟ್ಟಿಕೊಳ್ಳುವಾಗ ಯಾವಾಗಲೂ ಮುಖ ಆಚೆ ತಿರುಗಿಸುವವಳು, ಅವತ್ತು ತಿರುಗಿಸಲಿಲ್ಲ. ತಟ್ಟೆಯಲ್ಲಿ ಮಿಕ್ಕ ಅರಿಶಿನ ಬಳಿದು ರಬ್ಬರಿನ ಬೆರಳಿಗೆ ಹಚ್ಚಿ, "ಇದಕ್ಕೆ ಯಾರು ಹಚ್ತಾರೆ ಮತ್ತೆ?" ಅಂದಳು.